ಎಂಟು ಎಣಿಸುವಷ್ಟು ತೆರಪು

ಮೂವತ್ತು ಅಡಿಗೆ ನಲವತ್ತು ಅಡಿಯ ಒಂದು ತಾರಸಿ ಹಾಕಬೇಕಾದರೆ ನೂರಹತ್ತು ಚೀಲ ಸಿಮೆಂಟು ಬೇಕು. ಎರಡು ಲಾರಿ ಜಲ್ಲಿ, ಒಂದು ಲಾರಿಗಿಂತ ಸ್ವಲ್ಪ ಹೆಚ್ಚು ಮರಳು, ಒಂದು ಟನ್ನಿನ ಮೇಲೆ ಕಂಬಿ. ಬಾಡಿಗೆಗೆ ತಂದ ಕಲಸುವ ಯಂತ್ರ ಒಂದು, ಅದು ನಡುವೆ ಕೆಟ್ಟು ನಿಂತಾಗ ಬೈಸಿಕೊಳ್ಳಲು ಒಬ್ಬ ಡ್ರೈವರು. ನಲವತ್ತೆರಡು ಜನರ ಒಂದು ದಿನದ ಕೂಲಿ, ಎರಡು ಸಲ ಟೀ. ಇಷ್ಟನ್ನು ಯಾವ ಕಂತ್ರಾಟುದಾರನಾದರೂ ನಿದ್ದೆಗಣ್ಣಲ್ಲೇ ಹೇಳಿಬಿಡುತ್ತಾನೆ. ಪಟ್ಟಿಗೆ ಸೇರದ ಬಾಬತ್ತು ಒಂದೇ. ಅದು ಹಾಡು.

ಹಾಡಿಗೆ ಯಾರೂ ಕಾಸು ಕೊಡುವುದಿಲ್ಲ, ಅದಕ್ಕೇ ಅದು ಪಟ್ಟಿಯಲ್ಲಿಲ್ಲ. ಆದರೆ ಹಾಡಿದ್ದರೆ ಬೆಳಿಗ್ಗೆ ಎಂಟಕ್ಕೆ ಶುರುವಾದ ತಾರಸಿ ಸಂಜೆ ನಾಲ್ಕೂವರೆಗೆ ಮುಗಿಯುತ್ತದೆ. ಇಲ್ಲದಿದ್ದರೆ ಆರೂವರೆ. ಎರಡು ಗಂಟೆಯನ್ನು ನಲವತ್ತೆರಡು ಜನರಿಂದ ಗುಣಿಸಿದರೆ ಎಂಬತ್ತನಾಲ್ಕು ಗಂಟೆಯ ಸೊಂಟನೋವು. ಮೇಸ್ತ್ರಕ್ಕನ ಗುಂಪು ಒಂದು ವರ್ಷದಿಂದ ಪ್ರತಿ ತಾರಸಿಗೂ ಈ ಎಂಬತ್ತನಾಲ್ಕು ಗಂಟೆಯನ್ನು ತೆರುತ್ತಿತ್ತು. ಯಾರೂ ಚಕಾರ ಎತ್ತಿರಲಿಲ್ಲ.

ಮೇಸ್ತ್ರಕ್ಕ ಎಂದರೆ ಗುಂಪಿನ ಮೇಸ್ತ್ರಿ. ಐವತ್ತು ದಾಟಿದವಳು, ಎತ್ತರದ ಆಳು, ಕೈಬೆರಳೆಲ್ಲ ಸಿಮೆಂಟು ತಿಂದು ಒರಟಾದವು. ಯಂತ್ರದ ಪಕ್ಕ ನೆಲದ ಮೇಲೆ ಅವಳ ಜಾಗ. ಅವಳಿಂದ ಶುರುವಾಗುವ ಸಾಲು ಮೆಟ್ಟಿಲ ಮೇಲೆ ಹತ್ತಿ, ತಿರುವಿನಲ್ಲಿ ಹೊರಳಿ, ತಾರಸಿಯವರೆಗೆ ಹೋಗುತ್ತದೆ. ಕಾಂಕ್ರೀಟು ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ಮೇಲೇರುತ್ತದೆ. ತುತ್ತತುದಿಯಲ್ಲಿ ಅದನ್ನು ಸುರಿಸಿಕೊಳ್ಳುವವನು ಜಲ್ಲಿತಾತ, ಮಾತಾಡಿದರೆ ಗಂಟಲಲ್ಲಿ ಜಲ್ಲಿ ಉರುಳಿದಂತೆ ಕೇಳುವ ಮುದುಕ. ಹಾಡು ಇಷ್ಟೇ:

ಮಣ್ಣಿನ ಕೂಸೇ, ಮೇಲಕ್ಕೆ ಬಾ,
ಕಲ್ಲಿನ ಕೂಸೇ, ಮೇಲಕ್ಕೆ ಬಾ,
ಕೈಯಿಂದ ಕೈಗೆ, ಮೆಲ್ಲಕ್ಕೆ ಬಾ,
ಬಿದ್ದೀಯೆ ಜೋಕೆ, ನಾನಿದೀನಿ ಬಾ.

ನಾಲ್ಕು ಸಾಲು ಮುಗಿದ ಮೇಲೆ ಎಂಟು ಎಣಿಸುವಷ್ಟು ಹೊತ್ತು ಎಲ್ಲರೂ ಬಾಯಿ ಮುಚ್ಚುತ್ತಾರೆ. ತುಂಬಿದ ಬಾಂಡ್ಲಿ ಮೇಲೆ ಹೋಗಿರುತ್ತದೆ, ಖಾಲಿಯದು ಇನ್ನೂ ಇಳಿದಿರುವುದಿಲ್ಲ, ನಲವತ್ತೆರಡು ಜನರ ಕೈ ಬರಿದಾಗಿರುತ್ತದೆ. ಇದಕ್ಕೆ ಗುಂಪಿನವರು ತೆರಪು ಎನ್ನುತ್ತಾರೆ. ಮೇಲಿನವರ ಮಾತು ಕೆಳಗೆ ಮುಟ್ಟುವ ಹೊತ್ತು ಅದೊಂದೇ. ಜಲ್ಲಿತಾತ ಬಾಂಡ್ಲಿಗೆ ಒಂದು ಸಲ ಬಡಿದರೆ ಎಲ್ಲ ಸರಿ, ಕಳಿಸಿ ಎಂದು ಅರ್ಥ. ಎರಡು ಸಲ ಬಡಿದರೆ ನಿಲ್ಲಿಸಿ. ಮೂರು ಸಲವಾದರೆ ನೀರು ಬೇಕು. ಮೇಲಿನ ಬಡಿತ ತಿರುವು ದಾಟಿ ಕೆಳಗೆ ಕೇಳಿಸುವುದಿಲ್ಲವಾದ್ದರಿಂದ ತಿರುವಿನಲ್ಲಿ ನಿಂತವರು ಅದಕ್ಕೆಂದೇ ಪಕ್ಕದಲ್ಲಿ ಇಟ್ಟುಕೊಂಡ ಖಾಲಿ ಬಾಂಡ್ಲಿಗೆ ಹಾಗೇ ಬಡಿದು ದಾಟಿಸಬೇಕು.

ತಿರುವಿನ ಜಾಗ ಗಿಲಕಿಯದು. ಗಿಲಕಿ ಮೇಸ್ತ್ರಕ್ಕನ ತಂಗಿ. ತೊಟ್ಟಿಲ ಕಾಲದಿಂದ ಒಂದು ಗಳಿಗೆ ಬಾಯಿ ಮುಚ್ಚಿದವಳಲ್ಲ, ಅದಕ್ಕೇ ಆ ಹೆಸರು. ಒಂದು ವರ್ಷದಿಂದ ಆ ಜಾಗದಲ್ಲಿ ಯಾರೂ ನಿಂತಿರಲಿಲ್ಲ. ಆಚೀಚೆಯವರು ತೋಳು ಚಾಚಿ ಚಾಚಿ ಬಾಂಡ್ಲಿ ದಾಟಿಸುತ್ತಿದ್ದರು. ಬಡಿತದ ಬದಲು ತಾತ ಮೇಲಿನಿಂದ ಅರಚುತ್ತಿದ್ದ.

ವರ್ಷದ ಹಿಂದೆ, ಒಂದು ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಭೂಕಂಪಕ್ಕೆ ದೇಶದ ಅರ್ಧ ಭಾಗ ನಡುಗಿತ್ತು. ಹದಿನೆಂಟು ಸಾವಿರ ಜನ ಸತ್ತರು. ಗುಂಪಿನವರು ಅಂದು ಬಯಲಲ್ಲಿ ಪಾಯ ತೋಡುತ್ತಿದ್ದರು, ಹಾಗಾಗಿ ಉಳಿದುಕೊಂಡರು. ಗಿಲಕಿ ಮಾತ್ರ ಅಲ್ಲಿರಲಿಲ್ಲ. ದೊಡ್ಡ ಅಂಚೆ ಕಚೇರಿಯ ಗೋಡೆಯೊಂದು ಮೊದಲೇ ಸೀಳುಬಿಟ್ಟಿತ್ತು, ಅದಕ್ಕೆ ಗಾರೆ ಮೆತ್ತಲು ತನ್ನ ಬಾಂಡ್ಲಿ ಹಿಡಿದು ಹೋಗಿದ್ದಳು. ಎರಡು ಗಂಟೆಯ ಕೆಲಸ. ಐದು ಮಹಡಿಯ ಕಚೇರಿ ಒಂದರ ಮೇಲೊಂದು ಮಡಚಿ ಕೂತಿತು.

ಮಧ್ಯಾಹ್ನದ ಹೊತ್ತಿಗೆ ಗುಂಪು ಅಲ್ಲಿತ್ತು. ಎಲ್ಲ ಕಡೆ ಜನ ಹೆಸರು ಹಿಡಿದು ಕೂಗುತ್ತಿದ್ದರು, ಯಂತ್ರಗಳು ಗರಗರ ಅನ್ನುತ್ತಿದ್ದವು. ಉಸ್ತುವಾರಿಯ ಸೇನಾಧಿಕಾರಿ ಸದ್ದು ನಿಲ್ಲಿಸಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಮೇಸ್ತ್ರಕ್ಕ ಅವನ ಮುಂದೆ ಹೋಗಿ ನಿಂತಳು.

"ಸಾರ್, ನಾವು ಹಾಡ್ತೀವಿ. ಹಾಡಿ ಸುಮ್ನಾಗ್ತೀವಿ. ನಾವು ಸುಮ್ನಾದಾಗ ನಿಮ್ಮ ಯಂತ್ರಾನೂ ಸುಮ್ನಿರ್ಲಿ. ಒಳಗೆ ನನ್ನ ತಂಗಿ ಇದ್ರೆ ಅವಳಿಗೆ ಏನ್ ಮಾಡ್ಬೇಕು ಅಂತ ಗೊತ್ತು."

ಅವನಿಗೆ ಬೇರೆ ದಾರಿಯೂ ಇರಲಿಲ್ಲ. ಹಾಡಿದರು. ತೆರಪು ಬಂತು. ಕಾಂಕ್ರೀಟಿನ ರಾಶಿಯ ಅಡಿಯಿಂದ, ಎಲ್ಲೋ ಬಾವಿಯೊಳಗಿನಿಂದ ಬಂದಂತೆ, ಟಣ್, ಟಣ್, ಟಣ್.

"ನೀರು!" ಎಂದು ಜಲ್ಲಿತಾತ ಅಳುತ್ತಲೇ ನಕ್ಕ. "ಬೆಟ್ಟ ಮೈಮೇಲೆ ಬಿದ್ರೂ ಇವಳಿಗೆ ಮೊದ್ಲು ನೀರೇ ಬೇಕು ನೋಡಿ!"

ರಬ್ಬರು ಕೊಳವೆ ಇಳಿಸಿದರು. ಆಮೇಲೆ ಅಧಿಕಾರಿ ಒಂದು ತೊಲೆಗೆ ಸರಪಳಿ ಬಿಗಿಸಿ ಕ್ರೇನಿನಿಂದ ಎತ್ತಿಸಹೊರಟ. ಆಗಿನ ತೆರಪಿನಲ್ಲಿ ಎರಡು ಬಡಿತ ಬಂತು. ಒಂದಲ್ಲ, ಮೂರಲ್ಲ. ಮೇಸ್ತ್ರಕ್ಕ ಓಡಿಹೋಗಿ ಕ್ರೇನಿನ ಮುಂದೆ ಕೈ ಅಗಲಿಸಿ ನಿಂತಳು. ಆ ತೊಲೆ ಎತ್ತಿದ್ದರೆ ಅದನ್ನೇ ಆತುಕೊಂಡಿದ್ದ ಚಪ್ಪಡಿ ಒಳಗಿದ್ದವರ ಮೇಲೆ ಕೂರುತ್ತಿತ್ತು ಎಂದು ಎಂಜಿನಿಯರುಗಳು ಆಮೇಲೆ ನಕ್ಷೆ ಬರೆದು ತೋರಿಸಿದರು. ಕ್ರೇನು ಹಿಂದೆ ಸರಿಯಿತು. ಗುಂಪು ಇನ್ನೊಂದು ಪಕ್ಕದಿಂದ ಕೈಯಲ್ಲೇ ಕಲ್ಲು ತೆಗೆಯುತ್ತ, ಬಾಂಡ್ಲಿಯಲ್ಲಿ ದಾಟಿಸುತ್ತ ಒಳಗೆ ಹೋಯಿತು. ನಲವತ್ತೊಂದು ಗಂಟೆ. ಪ್ರತಿ ತೆರಪಿನಲ್ಲೂ ಒಂದು ಬಡಿತ ಬರುತ್ತಿತ್ತು. ಸರಿ, ಮುಂದುವರೀರಿ.

ಮೂರನೆಯ ದಿನ ಬೆಳಿಗ್ಗೆ ತೂತು ಬಿತ್ತು. ಹನ್ನೊಂದು ಜನ ಜೀವಂತ ಇದ್ದರು. ಬಾಂಡ್ಲಿ ಹಿಡಿದುಕೊಂಡಿದ್ದವನು ಒಬ್ಬ ಗುಮಾಸ್ತ, ಸ್ಟಾಂಪು ಮಾರುವವನು. ಮೈಯೆಲ್ಲ ಬಿಳಿ ಧೂಳು. ಕೈಯಲ್ಲಿ ಒಂದು ಕಂಬಿಯ ತುಂಡು.

"ನನ್ನ ತಂಗಿ ಎಲ್ಲಿ?"

"ನಿನ್ನೆ ಸಂಜೆನೇ ಹೋಗ್ಬಿಟ್ರಕ್ಕ," ಎಂದ ಅವನು. "ಕಾಲು ಸಿಕ್ಕಾಕೊಂಡಿತ್ತು. ಬಾಂಡ್ಲಿ ನನ್ನ ಕೈಗೆ ಕೊಟ್ಟು, ಹಾಡು ನಿಂತಾಗೆಲ್ಲ ಒಂದು ಹೊಡಿ, ಒಂದೇ ಒಂದು, ಸದ್ದು ಬರ್ಲಿಲ್ಲ ಅಂದ್ರೆ ಅಕ್ಕ ಕೈ ಬಿಡ್ತಾಳೆ ಅಂದ್ರು."

ಮೇಸ್ತ್ರಕ್ಕ ಗುಮಾಸ್ತನ ಕಂಕುಳಿಗೆ ಕೈ ಹಾಕಿ ಎತ್ತಿ, ಹಿಂದಿದ್ದವರ ಕೈಗೆ ದಾಟಿಸಿದಳು. ಆಮೇಲೆ ಉಳಿದ ಹತ್ತು ಜನರನ್ನು. ಕೊನೆಗೆ ತಂಗಿಯನ್ನು.

ಅಂದಿನಿಂದ ಅವಳು ಹಾಡಲಿಲ್ಲ, ಅವಳು ಎತ್ತದ ಹಾಡನ್ನು ಗುಂಪೂ ಎತ್ತಲಿಲ್ಲ. ಗುಮಾಸ್ತ ಎರಡು ಸಲ ಮನೆಗೆ ಬಂದ. ಮೊದಲ ಸಲ ಅವಳು ಬಾಗಿಲಿಂದಲೇ ಕಳಿಸಿದಳು, ಎರಡನೆಯ ಸಲ ಬಾಗಿಲೇ ತೆಗೆಯಲಿಲ್ಲ. ಅವನ ತಪ್ಪು ಏನೂ ಇಲ್ಲ ಎಂದು ಅವಳಿಗೂ ಗೊತ್ತಿತ್ತು. ಇಡೀ ಒಂದು ರಾತ್ರಿ ಸತ್ತ ತಂಗಿಗೆ ಮೇಲಕ್ಕೆ ಬಾ ಎಂದು ಹಾಡಿದ್ದನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ನುಂಗಲಾಗದ್ದು ಆ ಕೊನೆಯ ಮಾತು. ಅಕ್ಕ ಕೈ ಬಿಡ್ತಾಳೆ. ಬೆನ್ನ ಮೇಲೆ ಹೊತ್ತು ಬೆಳೆಸಿದ ತಂಗಿ ತನ್ನನ್ನು ತಿಳಿದುಕೊಂಡಿದ್ದು ಇಷ್ಟೇ ಏನು?

ವರ್ಷ ತುಂಬಲು ಇಪ್ಪತ್ತು ದಿನ ಉಳಿದಿದ್ದಾಗ ಒಂದು ಕಾರು ಕೆಲಸದ ಜಾಗಕ್ಕೆ ಬಂದು ಮರಳಿನಲ್ಲಿ ಸಿಕ್ಕಿಕೊಂಡಿತು. ಅದರಿಂದ ರೇಡಿಯೋದ ಆಫೀಸರಮ್ಮ ಇಳಿದರು, ಅವರ ಹಿಂದೆ ಬೆಳ್ಳಗಿನ ಅಂಗಿಯ ಒಬ್ಬ ಪಿಟೀಲಿನವರು. ಕಾರನ್ನು ತಳ್ಳಿ ಮೇಲೆತ್ತಿದ ಮೇಲೆ ವಿಷಯ ಹೊರಬಂತು. ವರ್ಷದ ದಿನ, ಅದೇ ಹತ್ತು ಹತ್ತಕ್ಕೆ, ಅಂಚೆ ಕಚೇರಿಯ ಬಯಲಿನಿಂದ ದೇಶಕ್ಕೆಲ್ಲ ಒಂದು ಹಾಡು ಬಿತ್ತರವಾಗಬೇಕು. ಹೊಸ ಹಾಡಲ್ಲ, ಅಲ್ಲೇ ಹುಟ್ಟಿದ್ದು. ಅಂದು ಯಾರೋ ಫೋನಿನಲ್ಲಿ ಹಿಡಿದ ಅರ್ಧ ನಿಮಿಷದ ತುಣುಕು ಊರೂರು ಸುತ್ತಿತ್ತು.

"ಅದು ಅಲ್ಲಿ ಹುಟ್ಟಿದ್ದಲ್ಲ ಮೇಡಂ," ಎಂದಳು ಮೇಸ್ತ್ರಕ್ಕ. "ಬಾಂಡ್ಲಿ ಹಾಡು. ನಮ್ಮ ಅಜ್ಜಿ ಕಾಲದ್ದು. ಅದ್ರಲ್ಲಿ ಕಂತ್ರಾಟುದಾರನ ಹೊಟ್ಟೆ ಮೇಲೆ ಒಂದು ಚರಣ ಬೇರೆ ಇದೆ."

"ಹೊಟ್ಟೆ ಮೇಲೇನಿದೆ?" ಎಂದರು ಪಿಟೀಲಿನವರು, ಪೆನ್ನು ತೆಗೆಯುತ್ತ.

"ಹೊಟ್ಟೆ ಮೇಲೆ ಹೊಟ್ಟೆ ಇದೆ ಸಾರ್," ಎಂದು ತಾತ ಮೇಲಿನಿಂದ ಕೂಗಿದ. ಸಾಲು ಪೂರ್ತಿ ನಕ್ಕಿತು. ಕಂತ್ರಾಟುದಾರ ಅಲ್ಲೇ ನಿಂತಿದ್ದ, ಅವನೂ ನಗಬೇಕಾಯಿತು.

ಮೇಸ್ತ್ರಕ್ಕ ನಗಲಿಲ್ಲ. "ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನಾನು ಹಾಡೋದು ಬಿಟ್ಟಿದೀನಿ."

ಆಫೀಸರಮ್ಮ ಒಂದು ಸಿಮೆಂಟು ಚೀಲದ ಮೇಲೆ ಕೂತರು. ಸೀರೆ ಬೂದಿಯಾಗುವುದನ್ನು ಲೆಕ್ಕಿಸಲಿಲ್ಲ. "ನಮ್ಮಣ್ಣ ಬ್ಯಾಂಕಿನ ಕಟ್ಟಡದಲ್ಲಿದ್ದ," ಎಂದರು. "ಒಂಬತ್ತನೇ ದಿನ ಸಿಕ್ಕಿದ. ನಾಲ್ಕು ದಿನ ಬದುಕಿದ್ದ ಅಂದ್ರು ಡಾಕ್ಟ್ರು. ನಾವು ಅಲ್ಲಿ ಬರೀ ಕಿರುಚಿದ್ವಿ, ಮೇಸ್ತ್ರಕ್ಕ. ಎಲ್ಲಾರೂ ಒಟ್ಟಿಗೆ ಕಿರುಚ್ತಿದ್ವಿ. ಅವನೇನಾದ್ರೂ ಬಡಿದಿದ್ರೂ ಯಾರಿಗೆ ಕೇಳಿಸ್ತಿತ್ತು?"

ಮೇಸ್ತ್ರಕ್ಕ ಹೋಗಿ ಕೈ ತೊಳೆದು ಬಂದಳು. ಹಾಡುವುದಿಲ್ಲ, ಆದರೆ ಬರೆಸುತ್ತೇನೆ ಎಂದಳು. ತಗಡಿನ ಶೆಡ್ಡಿನಲ್ಲಿ ಕೂತು, ಸಾಮಾನಿನ ಪಟ್ಟಿ ಹೇಳುವವಳಂತೆ ರಾಗವಿಲ್ಲದೆ ಏಳು ಚರಣ ಹೇಳಿದಳು. ಪಿಟೀಲಿನವರು ಬರೆದುಕೊಂಡರು. ರಾಗಕ್ಕೆ ಆ ಅರ್ಧ ನಿಮಿಷದ ತುಣುಕು ಇದ್ದೇ ಇತ್ತಲ್ಲ.

ಅಲ್ಲೇ ಆದದ್ದು ತಪ್ಪು. ಅದು ಮೇಸ್ತ್ರಕ್ಕನದೇ. ಬಾಯಲ್ಲಿ ಹೇಳಿದಾಗ ಮಾತು ಬರುತ್ತದೆ, ತೆರಪು ಬರುವುದಿಲ್ಲ. ತೆರಪಿಗೆ ಮಾತಿಲ್ಲ. ಅದು ಇರುವುದು ಕೈಯಲ್ಲಿ, ಅವಳ ಕೈ ಅಂದು ಮಡಿಲಲ್ಲಿ ಸುಮ್ಮನಿತ್ತು.

ಹತ್ತು ದಿನ ಬಿಟ್ಟು ರೇಡಿಯೋ ಕಚೇರಿಗೆ ಕರೆದರು. ತಾತನನ್ನು ಜೊತೆಗೆ ಕರೆದುಕೊಂಡು ಹೋದಳು. ಗೋಡೆಗೆಲ್ಲ ಮೆತ್ತನೆಯ ಹಾಸು ಹೊದೆಸಿದ ಕೋಣೆ. "ಗೋಡೆಗೆ ಹಾಸಿಗೆ ಹಾಕಿದಾರಲ್ಲ ಮಗಳೇ, ಮಲಗೋರು ಹೆಂಗೆ ಮಲಗ್ತಾರೆ?" ಎಂದು ತಾತ ಪಿಸುಗುಟ್ಟಿದ. ಹನ್ನೆರಡು ಪಿಟೀಲು, ನಾಲ್ಕು ಕೊಳಲು, ಇಪ್ಪತ್ತು ಜನ ಹಾಡುವವರು. ಶುರುವಾಯಿತು.

ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ತಾತನ ಕಣ್ಣಲ್ಲಿ ನೀರು ಬಂತು. ಮೇಸ್ತ್ರಕ್ಕನಿಗೆ ಮಾತ್ರ ಮೈಯಲ್ಲಿ ಎಲ್ಲೋ ಕಲ್ಲು ಒತ್ತಿದಂತಾಯಿತು. ಏನೆಂದು ತಿಳಿಯಲಿಲ್ಲ. ನಾಲ್ಕನೆಯ ಸಾಲು ಮುಗಿದಾಗ ಅವಳ ಎರಡು ಕೈ ತಾವಾಗಿಯೇ ಮೇಲೆದ್ದು ಬರಿದಾಗಿ ನಿಂತವು. ಆದರೆ ಕೊಳಲು ಆಗಲೇ ಹರಿದು ಬಂದಿತ್ತು, ಅದರ ಬೆನ್ನಿಗೇ ಎರಡನೆಯ ಚರಣ.

"ತೆರಪೆಲ್ಲಿ?" ಎಂದಳು ಎದ್ದುನಿಂತು.

ಪಿಟೀಲಿನವರು ಕೈ ಎತ್ತಿ ನಿಲ್ಲಿಸಿದರು. "ಏನಮ್ಮ?"

"ತೆರಪು ಸಾರ್. ಎಂಟು ಎಣಿಸೋವಷ್ಟು ಎಲ್ಲಾರೂ ಸುಮ್ನಿರೋದು. ಅದನ್ನ ಎಲ್ಲಿ ಹಾಕಿದ್ರಿ?"

"ನೀವು ಬರೆಸಲಿಲ್ಲವಲ್ಲ."

"ಅದನ್ನ ಹೆಂಗೆ ಬರೆಸ್ತಾರೆ?"

ತುಣುಕಿನಲ್ಲಿ ಹಾಡು ಮಧ್ಯಕ್ಕೇ ಕತ್ತರಿಸಿದ್ದರಿಂದ ಅವರಿಗೂ ಗೊತ್ತಾಗಿರಲಿಲ್ಲ. ಅವರು ತಾಳ್ಮೆಯ ಮನುಷ್ಯ. ಅಷ್ಟು ಹೊತ್ತು ಖಾಲಿ ಬಿಟ್ಟರೆ ಹಾಡಿನ ಬೆನ್ನು ಮುರಿಯುತ್ತದೆ, ಕೊಳಲಿದ್ದರೆ ಕೇಳುವವರ ಮನಸ್ಸು ಅಲ್ಲೇ ನಿಲ್ಲುತ್ತದೆ ಎಂದರು. ಆಫೀಸರಮ್ಮ ಇನ್ನೊಂದು ತೊಡಕು ಹೇಳಿದರು. ರೇಡಿಯೋದಲ್ಲಿ ಐದು ಸೆಕೆಂಡ್ ಸದ್ದಿಲ್ಲದಿದ್ದರೆ ಒಂದು ಯಂತ್ರ ಗಂಟೆ ಬಾರಿಸುತ್ತದೆ, ಏನೋ ಕೆಟ್ಟಿದೆ ಎಂದು ತಿಳಿದು ತಾನಾಗಿಯೇ ಬೇರೆ ಸಂಗೀತ ಹಾಕಿಬಿಡುತ್ತದೆ. ಅದನ್ನು ಆರಿಸಲು ಮೇಲಿನವರ ಸಹಿ ಬೇಕು.

"ನೋಡಿ ಮೇಡಂ," ಎಂದಳು ಮೇಸ್ತ್ರಕ್ಕ, "ಹೊಟ್ಟೆ ಚರಣ ತೆಗೀಬೇಕು ಅಂತ ನಿಮ್ಮವ್ರು ಕಾಗದ ಕಳಿಸಿದ್ರು. ತೆಗೀರಿ. ಆ ಹೊಟ್ಟೆ ಬಿಟ್ಟುಕೊಡ್ತೀನಿ. ತೆರಪು ಬಿಡಲ್ಲ. ತೆರಪಿಲ್ಲ ಅಂದ್ರೆ ಹಾಡೂ ಇಲ್ಲ."

"ಹೊಟ್ಟೆ ಬಿಟ್ಟೆಯಾ!" ಎಂದು ತಾತ ನಿಜವಾಗಿಯೂ ನೊಂದುಕೊಂಡ. "ನಲವತ್ತು ವರ್ಷದಿಂದ ಹಾಡ್ತಿರೋ ಹೊಟ್ಟೆ!"

ಪಿಟೀಲಿನವರು ಕಮಾನು ಕೆಳಗಿಟ್ಟರು. "ನನಗೆ ಅರ್ಥವಾಗೋ ಹಾಗೆ ತೋರಿಸಿ. ಹಾಡಿ ತೋರಿಸಿ."

"ಇಲ್ಲಿ ಕೂತ್ಕೊಂಡು ಬರಲ್ಲ ಸಾರ್. ನಾಳೆ ತಾರಸಿ ಇದೆ. ಬೆಳಿಗ್ಗೆ ಎಂಟಕ್ಕೆ ಬನ್ನಿ. ಹಳೇ ಅಂಗಿ ಹಾಕ್ಕೊಂಡು ಬನ್ನಿ."

ಅವರು ಬಂದರು. ಹಳೆಯ ಅಂಗಿಯೂ ಇಸ್ತ್ರಿಯಾಗಿತ್ತು. ಮೇಸ್ತ್ರಕ್ಕ ಅವರನ್ನು ಮೆಟ್ಟಿಲು ಹತ್ತಿಸಿ ತಿರುವಿನಲ್ಲಿ ನಿಲ್ಲಿಸಿದಳು. ಗಿಲಕಿಯ ಜಾಗ. ಆಚೀಚೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಆಫೀಸರಮ್ಮ ಮರಳಿನ ಗುಡ್ಡೆಯ ಹತ್ತಿರ ನಿಂತರು.

ಕೆಳಗೆ ಬಂದು ಮೇಸ್ತ್ರಕ್ಕ ಮೊದಲ ಬಾಂಡ್ಲಿ ಎತ್ತಿದಳು. ಗಂಟಲಲ್ಲಿ ಒಂದು ವರ್ಷದ ತುಕ್ಕು. ಬಾಯಿ ತೆರೆದಾಗ ಬಂದ ಮೊದಲ ದನಿಯನ್ನು ಯಂತ್ರದ ಡ್ರೈವರು ಬೆಲ್ಟು ಕಿತ್ತುಹೋಯಿತೆಂದು ತಿಳಿದು ಅದನ್ನು ಆರಿಸಿ ಬಗ್ಗಿ ನೋಡಿದ. ಎರಡನೆಯ ಸಾಲಿಗೆ ದನಿ ದಾರಿಗೆ ಬಂತು. ಮೂರನೆಯದಕ್ಕೆ ನಲವತ್ತು ಗಂಟಲು ಕೂಡಿಕೊಂಡವು, ಬಾಂಡ್ಲಿ ತನಗೇ ಕಾಲು ಬಂದಂತೆ ಮೆಟ್ಟಿಲೇರಿತು. ಬಿದ್ದೀಯೆ ಜೋಕೆ, ನಾನಿದೀನಿ ಬಾ.

ತೆರಪು.

ಒಂದು, ಎರಡು, ಮೂರು. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನ ಸರಪಳಿಯ ಸದ್ದು ಕೇಳಿಸಿತು. ಎಂಟಾಯಿತು. ಬಡಿತ ಬರಲಿಲ್ಲ.

ಸಾಲು ನಿಂತಿತು. ನಲವತ್ತೆರಡು ಜನರಲ್ಲಿ ಒಬ್ಬನೂ ಬಾಂಡ್ಲಿ ಮುಟ್ಟಲಿಲ್ಲ. ಮೇಸ್ತ್ರಕ್ಕನ ಕಾಲ ಬಳಿ ತುಂಬಿದ ಬಾಂಡ್ಲಿ ಕಾದಿತ್ತು, ಅವಳ ಕೈಯೂ ಏಳಲಿಲ್ಲ. ಏಳಿಸಬೇಕೆಂದುಕೊಂಡಳು. ಕೈ ಕೇಳಲಿಲ್ಲ.

"ಯಾಕೆ ನಿಂತ್ರಿ?" ಎಂದು ತಿರುವಿನಿಂದ ಪಿಟೀಲಿನವರ ದನಿ ಬಂತು. "ಏನಾಯ್ತು?"

"ನಾನು ಆಗ್ಲೇ ಹೊಡೆದೆ!" ಎಂದು ತಾತ ಮೇಲಿನಿಂದ ಗುಡುಗಿದ. "ನೀವು ಹೊಡೀರಿ ಸಾರ್!"

"ಯಾರಿಗೆ?"

"ಅಯ್ಯೋ, ಬಾಂಡ್ಲಿಗೆ! ಕೆಳಗಿನವ್ರಿಗೆ ಕೇಳಿಸ್ಬೇಕಲ್ಲ! ಕೇಳಿಸ್ಲಿಲ್ಲ ಅಂದ್ರೆ ಸಂಜೆವರೆಗೂ ಹಿಂಗೇ ನಿಂತಿರ್ತಾರೆ ಇವರು!"

ಪಿಟೀಲಿನವರು ತಮ್ಮ ಉಂಗುರದ ಬೆರಳಿಂದ ಬಾಂಡ್ಲಿಗೆ ಒಂದು ಸಲ ಬಡಿದರು. ಟಣ್. ಆ ಕ್ಷಣವೇ ಎಲ್ಲರ ಕೈ ಒಟ್ಟಿಗೆ ಕೆಲಸಕ್ಕೆ ಇಳಿಯಿತು. ಮೇಸ್ತ್ರಕ್ಕನದೂ.

ಬಾಂಡ್ಲಿ ಎತ್ತುತ್ತಲೇ ಅವಳಿಗೆ ತಿಳಿಯಿತು. ತಂಗಿ ಆಡಿದ್ದು ಅಕ್ಕನ ಪ್ರೀತಿಯ ಬಗೆಗಿನ ಮಾತಲ್ಲ, ಕೆಲಸದ ಮಾತು. ಬಡಿತ ಬರಲಿಲ್ಲ ಅಂದರೆ ಕೈ ಬಿಡುತ್ತಾರೆ. ಅಕ್ಕನೂ ಬಿಡುತ್ತಾಳೆ, ತಾತನೂ ಬಿಡುತ್ತಾನೆ, ತಿರುವಿನಲ್ಲಿ ನಿಂತಿದ್ದರೆ ಗಿಲಕಿಯೂ ಬಿಡುತ್ತಿದ್ದಳು. ಅವರೇ ಕಲಿತ, ಕಲಿಸಿದ ಕಟ್ಟಳೆ ಅದು. ಕಾಲು ಸಿಕ್ಕಿಕೊಂಡು ಜೀವ ಹೋಗುತ್ತಿರುವಾಗಲೂ ಗಿಲಕಿ ಯೋಚಿಸಿದ್ದು ಒಂದೇ, ತಿರುವಿನ ಜಾಗ ಖಾಲಿ ಬೀಳಬಾರದು. ಪಕ್ಕದವನ ಕೈಗೆ ಬಾಂಡ್ಲಿ ದಾಟಿಸಿದಳು. ಸ್ಟಾಂಪು ಮಾರುವವನಿಗೆ, ಕತ್ತಲಲ್ಲಿ, ಒಂದು ನಿಮಿಷದಲ್ಲಿ ಕೆಲಸ ಕಲಿಸಿದಳು. ಮೂವತ್ತು ವರ್ಷದಲ್ಲಿ ಎಷ್ಟೋ ಜನರಿಗೆ ಕೆಲಸ ಕಲಿಸಿದ್ದ ಮೇಸ್ತ್ರಕ್ಕ ಅಷ್ಟು ಚೆನ್ನಾಗಿ ಯಾರಿಗೂ ಕಲಿಸಿರಲಿಲ್ಲ.

ಅವಳ ಎದೆ ಉಬ್ಬಿತು. ಮುಂದಿನ ಚರಣ ಎಷ್ಟು ಜೋರಾಗಿ ಎತ್ತಿದಳೆಂದರೆ ಎದುರು ಮನೆಯ ಕಿಟಕಿಗಳು ತೆರೆದುಕೊಂಡವು. ಆ ಚರಣ ಹೊಟ್ಟೆಯದು.

ಮಧ್ಯಾಹ್ನ ಪಿಟೀಲಿನವರು ಅಂಗೈಯ ಬೊಬ್ಬೆ ನೋಡಿಕೊಳ್ಳುತ್ತ ಇಳಿದು ಬಂದರು. "ಕೊಳಲು ಬೇಡ," ಎಂದರು. "ಹನ್ನೊಂದು ಪಿಟೀಲೂ ಬೇಡ. ಒಂದು ಸಾಕು. ತೆರಪಿನಲ್ಲಿ ಅದೂ ಕೆಳಗೆ." ಆಮೇಲೆ ಆಫೀಸರಮ್ಮನ ಕಡೆ ತಿರುಗಿ, "ನಿಮ್ಮ ಗಂಟೆ ಯಂತ್ರಕ್ಕೆ ಏನು ಮಾಡ್ತೀರೋ ಮಾಡಿ ತಾಯಿ."

ಆಫೀಸರಮ್ಮ ಸಹಿ ತರಲು ಮೂರು ಕಚೇರಿ ಸುತ್ತಿದರು. ಕೊನೆಗೆ ಯಾರೂ ಹಾಕದಿದ್ದಾಗ ತಮ್ಮದನ್ನೇ ಹಾಕಿದರು.

ತಾರಸಿ ಹಾಕಿದ ದಿನವೇ ಸಂಜೆ ಮೇಸ್ತ್ರಕ್ಕ ಗುಮಾಸ್ತನ ಮನೆ ಹುಡುಕಿಕೊಂಡು ಹೋದಳು. ಬಾಗಿಲು ತೆಗೆದವನು ಅವಳನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

"ಆ ಬಾಂಡ್ಲಿ ಇದೆಯೇನಪ್ಪ?"

"ಇದೆ ಅಕ್ಕ. ನಿಮಗೆ ಕೊಡೋಣ ಅಂತಲೇ ಬಂದಿದ್ದೆ. ಎರಡು ಸಲ."

"ಕೊಡ್ಬೇಡ. ವರ್ಷದ ದಿನ ತಗೊಂಡು ಬಾ. ನನ್ನ ತಂಗಿ ನಿನಗೆ ಕೆಲಸ ಕೊಟ್ಟಿದಾಳೆ, ಇನ್ನೂ ಯಾರೂ ಬಿಡಿಸಿಲ್ಲ."

ಅವನು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತ. ಮೇಸ್ತ್ರಕ್ಕ ಪಕ್ಕದಲ್ಲಿ ಕೂತಳು. ಅವನ ಹೆಂಡತಿ ಟೀ ತಂದಾಗ ಇಬ್ಬರೂ ಕುಡಿದರು. ಗಿಲಕಿ ಒಳಗೆ ಏನೇನು ಮಾತಾಡಿದಳು ಎಂದು ಅವಳು ಕೇಳಿದಳು, ಅವನು ಒಂದೂ ಬಿಡದೆ ಹೇಳಿದ. ಬಹಳ ಮಾತಾಡಿದ್ದಳು. ಅಂಚೆ ಇಲಾಖೆಯ ಗೋಡೆಗೆ ಮರಳು ಜಾಸ್ತಿ ಹಾಕಿದವನನ್ನು ಎರಡು ದಿನ ಬಿಡದೆ ಬೈದಿದ್ದಳಂತೆ. ಮೇಸ್ತ್ರಕ್ಕ ಕಣ್ಣೊರೆಸಿಕೊಂಡು ನಕ್ಕಳು.

ವರ್ಷದ ದಿನ ಅಂಚೆ ಕಚೇರಿಯ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಂಪಿನವರು ಒಗೆದ ಬಟ್ಟೆ ಹಾಕಿಕೊಂಡು, ವೇದಿಕೆಯ ಮೇಲೆ ನಿಲ್ಲಲು ಒಪ್ಪದೆ, ಜನರ ನಡುವೆಯೇ ಸಾಲಾಗಿ ನಿಂತರು. ಕೈಯಲ್ಲಿ ಬಾಂಡ್ಲಿಗಳು. ಗುಮಾಸ್ತ ಸಾಲಿನ ನಡುವೆ, ತಿರುವು ಇರಬೇಕಾದ ಜಾಗದಲ್ಲಿ. ಅವನ ಹಿಂದೆ ಒಳಗಿಂದ ಬಂದ ಉಳಿದ ಹತ್ತು ಜನ. ಆಫೀಸರಮ್ಮ ಗಡಿಯಾರ ನೋಡುತ್ತಿದ್ದರು, ಅವರ ಪಕ್ಕದ ಎಂಜಿನಿಯರನ ಕೈ ಗಂಟೆ ಯಂತ್ರವನ್ನು ಆರಿಸುವ ಗುಂಡಿಯ ಮೇಲಿತ್ತು.

ಹತ್ತು ಹತ್ತು. ಮೇಸ್ತ್ರಕ್ಕ ಎತ್ತಿದಳು. ಒಂದೇ ಪಿಟೀಲು ಅವಳ ದನಿಯ ಕೆಳಗೆ ಆಧಾರ ಕೊಟ್ಟಂತೆ ಬಂತು, ಮೇಲೆ ಬರಲಿಲ್ಲ. ಬಾಂಡ್ಲಿಗಳು ಕೈಯಿಂದ ಕೈಗೆ ಹೋದವು. ನಾಲ್ಕನೆಯ ಸಾಲು ಮುಗಿಯಿತು. ಪಿಟೀಲು ಕೆಳಗಿಳಿಯಿತು.

ಎಂಟು ಎಣಿಸುವಷ್ಟು ಹೊತ್ತು ಇಡೀ ದೇಶದ ರೇಡಿಯೋಗಳಲ್ಲಿ ಸದ್ದಿರಲಿಲ್ಲ. ಯಂತ್ರ ಗಂಟೆ ಬಾರಿಸಲಿಲ್ಲ. ಬಯಲಿನಲ್ಲಿ ಗಾಳಿಗೆ ಬಟ್ಟೆ ಪಟಪಟಿಸುವುದು ಕೇಳಿಸಿತು. ಯಾರೂ ಯಾರನ್ನೂ ಹೆಸರು ಹಿಡಿದು ಕೂಗಲಿಲ್ಲ. ಎಲ್ಲರೂ ಕಿವಿಗೊಟ್ಟರು. ವರ್ಷದ ಹಿಂದೆ ಕೊಡಲಾಗದೆ ಹೋದ ಕಿವಿಯನ್ನು ಈಗ ಕೊಟ್ಟಂತೆ.

ಗುಮಾಸ್ತ ಕಂಬಿಯ ತುಂಡಿನಿಂದ ಬಾಂಡ್ಲಿಗೆ ಒಂದು ಸಲ ಬಡಿದ. ಟಣ್.

ಎರಡನೆಯ ತೆರಪಿನಲ್ಲಿ ಅವನ ಹಿಂದಿನ ಹತ್ತು ಜನ ಕೈಗೆ ಸಿಕ್ಕಿದ್ದರ ಮೇಲೆ ಒಂದೊಂದು ಬಡಿದರು. ಊರುಗೋಲಿನಿಂದ ನೆಲಕ್ಕೆ ಒಬ್ಬರು, ಕನ್ನಡಕದ ಡಬ್ಬಿಗೆ ಒಬ್ಬರು. ಯಾರೂ ಹೇಳಿಕೊಟ್ಟಿರಲಿಲ್ಲ. ಮೂರನೆಯದಕ್ಕೆ ಬಯಲೇ ಬಡಿಯಿತು. ಸಾವಿರಾರು ಕೈ, ಒಂದೇ ಬಡಿತ. ಆಫೀಸರಮ್ಮ ಪೆನ್ನಿನಿಂದ ತಮ್ಮ ಗಡಿಯಾರದ ಗಾಜಿನ ಮೇಲೆ ಬಡಿದರು. ಅವರ ಕೆನ್ನೆ ಒದ್ದೆಯಾಗಿತ್ತು, ತಲೆ ನೆಟ್ಟಗಿತ್ತು.

ಆಮೇಲೆ ರೇಡಿಯೋಗೆ ಮೂರು ಗೋಣಿಚೀಲ ಪತ್ರ ಬಂತು. ಅದನ್ನು ಹೊತ್ತು ತಂದವರೂ ಅಂಚೆಯವರೇ. ಒಬ್ಬ ಕ್ಷೌರಿಕ ಅರ್ಧ ಕತ್ತರಿಸಿದ ತಲೆಯ ಮುಂದೆ ನಿಂತು ಕತ್ತರಿಯಿಂದ ಕನ್ನಡಿಗೆ ಬಡಿದನಂತೆ. ಒಬ್ಬ ಬಸ್ಸಿನ ಡ್ರೈವರು ಗಾಡಿ ಬದಿಗೆ ನಿಲ್ಲಿಸಿದನಂತೆ, ಪ್ರಯಾಣಿಕರೆಲ್ಲ ಕಿಟಕಿಯ ಕಂಬಿಗೆ ಬಡಿದರಂತೆ. ಮಗನನ್ನು ಕಳೆದುಕೊಂಡ ಒಬ್ಬ ತಾಯಿ ಎರಡೇ ಸಾಲು ಬರೆದಿದ್ದಳು: ವರ್ಷದಿಂದ ಮನೆಯಲ್ಲಿ ಅವನ ಮಾತೆತ್ತುವ ಹಾಗಿರಲಿಲ್ಲ. ಅಂದು ಬಡಿದಾದ ಮೇಲೆ ಮಧ್ಯಾಹ್ನದವರೆಗೂ ಅವನ ಮಾತೇ ಆಡಿದೆವು.

ಜಲ್ಲಿತಾತನಿಗೆ ಒಂದೇ ದೂರು ಉಳಿಯಿತು. ಹೊಟ್ಟೆಯ ಚರಣ ದೇಶಕ್ಕೆ ಗೊತ್ತಾಗದೆ ಹೋಯಿತಲ್ಲ.

ಮರುವಾರ, ಬಯಲಿನ ಅಂಚಿನಲ್ಲಿ ಏಳುತ್ತಿದ್ದ ಹೊಸ ಅಂಚೆ ಕಚೇರಿಯ ಮೊದಲ ತಾರಸಿ. ಸಿಮೆಂಟು ಒಳ್ಳೆಯದು, ಮರಳು ಅಳತೆಗೆ ಸರಿಯಾಗಿ. ಮೇಸ್ತ್ರಕ್ಕ ತಾನೇ ನಿಂತು ನೋಡಿದಳು. ತಿರುವಿನಲ್ಲಿ ಗುಂಪಿನ ಒಬ್ಬ ಹೆಂಗಸು ನಿಂತಳು, ಇನ್ನು ಮುಂದೆ ಅದು ಅವಳ ಜಾಗ. ಎಂಟಕ್ಕೆ ಶುರುವಾದದ್ದು ನಾಲ್ಕೂವರೆಗೆ ಮುಗಿಯಿತು.

ಗಿಲಕಿ ವಾಪಸು ಬರಲಿಲ್ಲ. ಹನ್ನೊಂದು ಜನ ಬದುಕಿದ್ದಾರೆ, ಹಾಡು ಇದೆ, ಎರಡು ಗಂಟೆ ಮರಳಿ ಸಿಕ್ಕಿತು.